ಬೈಯುವ ಕಿಟಕಿ

ಬೆಟಗೇರಿಯ ಹೊಂಬಳಮಠ ಕ್ಯಾನ್ಸರ್ ಆಸ್ಪತ್ರೆಯಲ್ಲಿ ಔಷಧಿ ಅಂಗಡಿ ದಾಟಿ ಬಲಕ್ಕೆ ತಿರುಗಿದರೆ ಒಂದು ಗಾಜಿನ ಕಿಟಕಿ ಸಿಗುತ್ತಿತ್ತು. ಅದರ ಮುಂದೆ ನಿಂತು ಜನ ಬೈಯುತ್ತಿದ್ದರು. ಡಾಕ್ಟರನ್ನಲ್ಲ, ಸರ್ಕಾರವನ್ನಲ್ಲ, ಹಣೆಬರಹವನ್ನೂ ಅಲ್ಲ. ಕಿಟಕಿಯ ಆಚೆಗೆ, ಯಂತ್ರದ ಹೊಟ್ಟೆಯೊಳಗೆ ಆ ಹೊತ್ತಿಗೆ ಹರಿಯುತ್ತಿದ್ದ ತಮ್ಮ ಮನೆಯವರ ಗಡ್ಡೆಯನ್ನು ಬೈಯುತ್ತಿದ್ದರು.

"ಬಾಡಿಗಿ ಇಲ್ಲ, ಮುಂಗಡ ಇಲ್ಲ, ನಮ್ಮಪ್ಪನ ಗಂಟಲದಾಗ ಬಂದು ಮನಿ ಮಾಡೀಯಲ್ಲಲೇ, ನಾಚಿಗಿ ಬರೂದಿಲ್ಲೇನಲೇ ನಿನಗ?" ಎಂದು ನರಗುಂದದ ಕಡೆಯ ಟ್ರ್ಯಾಕ್ಟರ್ ಡ್ರೈವರೊಬ್ಬ ಗಾಜಿಗೆ ಮೂಗು ಹಚ್ಚಿ ಕೇಳಿದರೆ, ಅವನ ಹಿಂದೆ ಸರದಿಯಲ್ಲಿ ನಿಂತ ಹೆಂಗಸು, "ಹೇಳ್ರಿ ಅಣ್ಣಾ, ನಂದೂ ಒಂದು ಸೇರಿಸಿ ಹೇಳ್ರಿ" ಎನ್ನುತ್ತಿದ್ದಳು. ಒಬ್ಬ ನಿವೃತ್ತ ಮಾಸ್ತರರು ಮಾತ್ರ ಬೈಯಲು ಬಾರದೆ ಕೈಕಟ್ಟಿ ನಿಂತು, "ತಾವು ದಯಮಾಡಿ ನನ್ನ ಹೆಂಡತಿಯ ಹೊಟ್ಟೆಯನ್ನು ಬಿಟ್ಟು ಹೋಗಬೇಕು" ಎಂದು ಬಿನ್ನವಿಸಿಕೊಂಡು, ಕಣ್ಣೊರೆಸುತ್ತ ಹೊರಟುಹೋಗಿದ್ದರು. 

ಈ ಪದ್ಧತಿಯನ್ನು ಯಾರೂ ಕೂತು ಯೋಚಿಸಿ ಮಾಡಿದ್ದಲ್ಲ, ತಾನಾಗಿ ಬೆಳೆದದ್ದು. ಗಡ್ಡೆಯ ಒಂದು ಚೂರು ಕಿತ್ತು ತಂದರೆ ಅದರಲ್ಲಿ ಬರೀ ಗಡ್ಡೆ ಇರುವುದಿಲ್ಲ. ಅಕ್ಕಪಕ್ಕದ ಒಳ್ಳೆಯ ಜೀವಕೋಶಗಳಿರುತ್ತವೆ, ರಕ್ತ ಇರುತ್ತದೆ, ಕೊಬ್ಬು ಇರುತ್ತದೆ, ಸಂತೆಯ ಗದ್ದಲದಲ್ಲಿ ಕಳ್ಳ ನಿಂತ ಹಾಗೆ ಕೆಟ್ಟ ಕೋಶಗಳು ಅವುಗಳ ನಡುವೆ ನಿಂತಿರುತ್ತವೆ. ಆ ಕೆಟ್ಟವನ್ನಷ್ಟೇ, ಒಂದೂ ಒಳ್ಳೆಯದು ಸೇರದಂತೆ, ಜೀವಂತವಾಗಿ ಆರಿಸಿ ತೆಗೆದು, ‘ನೀನು ಯಾವ ಔಷಧಕ್ಕೆ ಸಾಯುತ್ತೀ’ ಎಂದು ಅವನ್ನೇ ಕೇಳುವಂತಾದರೆ? ಈ ಪ್ರಶ್ನೆಯ ಹಿಂದೆ ಬಿದ್ದವರು ಕಡೆಗೊಂದು ಯಂತ್ರ ಕಟ್ಟಿದರು. ಕಿತ್ತು ತಂದ ಚೂರನ್ನು ರಸದಲ್ಲಿ ನೆನೆಸಿ, ಕೋಶಗಳ ಕೈ ಬಿಡಿಸಿ, ಕೂದಲಿನಷ್ಟು ಸಣ್ಣ ಗಾಜಿನ ಕಾಲುವೆಯಲ್ಲಿ ಹರಿಯಬಿಡುವುದು. ಕಾಲುವೆಗೆ ಎರಡೂ ಬದಿಯಿಂದ ಸದ್ದು ಕೊಡುವುದು, ಮನುಷ್ಯರ ಕಿವಿಗಾಗಲಿ ನಾಯಿಯ ಕಿವಿಗಾಗಲಿ ನಿಲುಕದಷ್ಟು ಎತ್ತರದ ಶ್ರುತಿಯ ಸದ್ದು. ಗಡ್ಡೆಯ ಕೋಶಗಳು ಮೆತ್ತಗೆ, ಒಳ್ಳೆಯವು ಬಿಗಿ. ಆ ಸದ್ದಿನ ಒತ್ತಿಗೆ ಮೆತ್ತಗಿನವು ನಡುವಿಗೆ ಸರಿಯುತ್ತವೆ, ಬಿಗಿಯಾದವು ಅಂಚಿಗೆ. ಕಾಲುವೆ ಕವಲೊಡೆಯುವಲ್ಲಿ ಇವು ಇತ್ತ, ಅವು ಅತ್ತ. ಅಷ್ಟೇ.

ಕಾಗದದಲ್ಲಿ ಯಂತ್ರಕ್ಕೆ ಉದ್ದನೆಯ ಹೆಸರಿತ್ತು. ಜನ ಅದನ್ನು ‘ಹಸನಯಂತ್ರ’ ಎಂದರು. ಕಾಳು ಹಸನು ಮಾಡುವುದನ್ನು ಮನೆಮನೆಯಲ್ಲಿ ಕಂಡವರಿಗೆ ಅದಕ್ಕಿಂತ ಹೆಚ್ಚಿನ ವಿವರ ಬೇಕಾಗಲಿಲ್ಲ. ನಿಮ್ಮ ತಾಯಿಯ ಗಡ್ಡೆ ಇದೀಗ ಒಳಗೆ ಹಸನಾಗುತ್ತಿದೆ ಎಂದು ಹೇಳಿದರೆ, ಎಲ್ಲಿ ತೋರಿಸಿರಿ ಅನ್ನುತ್ತಿದ್ದರು. ತೋರಿಸಿದರೆ ಸುಮ್ಮನಿರುವುದು ಅವರಿಂದ ಆಗುತ್ತಿರಲಿಲ್ಲ. ಹೀಗೆ ಕಿಟಕಿ ಬಂತು.

ಕಿಟಕಿ ಇಡಿಸಿದವಳು ಪ್ರಯೋಗಾಲಯದ ಮುಖ್ಯಸ್ಥೆ ಶಿವಲೀಲಾ ತುಪ್ಪದ. ಕಿಟಕಿಯ ಕೆಳಗೆ ಕಲ್ಲು ಹಾಕಿಸಿದವಳೂ ಅವಳೇ. ವಯಸ್ಸಾದವರು ನಿಂತು ನಿಂತು ಸೋಲುತ್ತಾರೆ, ಕೈಯೂರಲು ಏನಾದರೂ ಬೇಕು ಎಂದು ಅವಳಿಗೆ ಅನ್ನಿಸಿತ್ತು. ಗೌಂಡಿ ಬಂದು ನೋಡಿ, "ಮೇಡಮ್ಮಾರ, ಒಳಗ ನಿಮ್ಮ ಮಿಷನ್ನಿಗೆ ಹೆಂಗೂ ಹೊಸಾ ಕಡಪಾ ಕಲ್ಲು ಹಾಕೂದೈತಿ. ಅದನ್ನ ಗ್ವಾಡಿ ದಾಟಿಸಿ ಹೊರಗ ಒಂದು ಗೇಣು ಬಿಡ್ತೀನಿ. ಒಂದ ಕಲ್ಲು, ಒಳಗೂ ಆತು ಹೊರಗೂ ಆತು" ಎಂದಿದ್ದ. ಕಿರಾಣಿ ಅಂಗಡಿಯ ಕಟ್ಟೆಗಳೆಲ್ಲ ಹಾಗೇ ಇರುತ್ತವಲ್ಲ. ಶಿವಲೀಲಾ ಸಂತೋಷದಿಂದ ಹೂಂ ಎಂದಿದ್ದಳು.

ಕಲ್ಲು ಕೂತ ಮೇಲೆ ಬಂದ ಬೇಸಿಗೆಯಲ್ಲಿ ಅವಳ ಅತ್ತೆ ಬಸಲಿಂಗವ್ವನ ನಾಲಿಗೆಯ ಎಡ ಅಂಚಿಗೆ ಒಂದು ಹುಣ್ಣು ಎದ್ದಿತು. ಎದ್ದದ್ದು ಹೋಗಲಿಲ್ಲ.

ಬಸಲಿಂಗವ್ವನ ನಾಲಿಗೆಯೆಂದರೆ ಕುರಹಟ್ಟಿ ಪೇಟೆಯ ಓಣಿಗೆಲ್ಲ ಗೊತ್ತಿದ್ದ ನಾಲಿಗೆ. ನೀರಿನ ಟ್ಯಾಂಕರಿನವನು ಅವಳ ಮನೆ ಮುಂದೆ ಹಾರ್ನ್ ಬಾರಿಸುತ್ತಿರಲಿಲ್ಲ. ಜಗಳ ಬಿಡಿಸಲೂ ಅವಳೇ ಬೇಕು, ಹಚ್ಚಲೂ ಅವಳೇ ಬೇಕು. ಬಾಣಂತಿಗೆ ಧೈರ್ಯ ಹೇಳುವುದರಿಂದ ಹಿಡಿದು ಬ್ಯಾಂಕಿನ ಮ್ಯಾನೇಜರನಿಗೆ ಬುದ್ಧಿ ಹೇಳುವವರೆಗೆ ಎಲ್ಲದಕ್ಕೂ ಅವಳ ಬಳಿ ಮಾತಿತ್ತು. ಗಂಡ ತೀರಿಹೋಗಿ ಬಹಳ ವರ್ಷಗಳಾಗಿದ್ದವು. ಮೋಟರ್ ರಿವೈಂಡಿಂಗ್ ಅಂಗಡಿ ಇಟ್ಟಿದ್ದ ಮಗ ಮಹಾಂತೇಶ ಮಾತು ಕಡಿಮೆಯ ಮನುಷ್ಯ. "ನನ್ನ ಪಾಲಿನ ಮಾತೂ ನಮ್ಮವ್ವ ಆಡಿ ಮುಗಿಸ್ಯಾಳ" ಎಂದು ಅವನೇ ನಗುತ್ತಿದ್ದ.

ಆಸ್ಪತ್ರೆಯ ಶಸ್ತ್ರವೈದ್ಯ ಡಾಕ್ಟರ್ ಜಮಖಂಡಿ ಬಾಯಿ ತೆರೆಸಿ ನೋಡಿ ಒಗಟಾಡಲಿಲ್ಲ. "ಅಮ್ಮಾರ, ಇದು ಕ್ಯಾನ್ಸರ್. ನೇರವಾಗಿ ಆಪರೇಷನ್ ಮಾಡಿದ್ರ ನಾಲಿಗಿ ಅರ್ಧ ಹೋಗತೈತಿ. ಮೊದಲ ಔಷಧ ಕೊಟ್ಟು ಗಡ್ಡಿ ಸಣ್ಣದು ಮಾಡಾಕ ಬಂದ್ರ, ಬರೇ ಒಂದು ಚೂರು ತಗದು ಉಳಿಸಬಹುದು. ಯಾವ ಔಷಧ ಅಂತ ನಿಮ್ಮ ಸೊಸಿ ಮಿಷನ್ನಿಗೆ ಕೇಳೋಣು."

"ಅರ್ಧಾ ಅಂದ್ರ ಯಾವ ಅರ್ಧಾರಿ?" ಎಂದಳು ಬಸಲಿಂಗವ್ವ. "ಬೈಯೂದೋ, ಉಣ್ಣೂದೋ?"

ಜಮಖಂಡಿ ನಕ್ಕರು. ಶಿವಲೀಲಾಗೆ ಮಾತ್ರ ನಗು ಬರಲಿಲ್ಲ. ಅತ್ತೆಯ ಕೈ ಸೆರಗಿನ ಒಳಗೆ ಮುದುಡಿಕೊಂಡಿದ್ದನ್ನು ಅವಳು ನೋಡಿದ್ದಳು.

ನಾಲಿಗೆಯಿಂದ ಅಕ್ಕಿಕಾಳಿನಷ್ಟು ಚೂರು ತೆಗೆದರು. ಅಷ್ಟು ಸಣ್ಣದರಲ್ಲಿ ಮುಂದಕ್ಕೆಂದು ಎತ್ತಿಡಲು ಏನೂ ಉಳಿಯಲಿಲ್ಲ, ಎಲ್ಲವನ್ನೂ ಯಂತ್ರಕ್ಕೆ ಹಾಕಿದರು. ಬಸಲಿಂಗವ್ವ ಬಾಯಿಗೆ ಹತ್ತಿ ಒತ್ತಿಕೊಂಡೇ ಕಿಟಕಿಗೆ ಬಂದಳು. ಸರದಿಯಲ್ಲಿದ್ದವರು ಜಾಗ ಬಿಟ್ಟರು, ಯಾರ ಗಡ್ಡೆಯೋ ಅವರಿಗೇ ಮೊದಲ ಹಕ್ಕು. ಒಳಗೆ ಯಂತ್ರದ ಮುಂದೆ ಕೂತಿದ್ದ ತಂತ್ರಜ್ಞೆ ಫರೀದಾ ಕೈ ಬೀಸಿ, ಶುರು ಎಂದು ಸನ್ನೆ ಮಾಡಿದಳು.

ಬಸಲಿಂಗವ್ವ ಹತ್ತಿ ತೆಗೆದಳು.

"ಏ ಮೂಳಾ! ಐವತ್ತು ವರ್ಷ ಈ ನಾಲಿಗಿ ಮ್ಯಾಲ ಸುಳ್ಳು ಕುಂದ್ರಾಕ ಜಾಗಾ ಕೊಟ್ಟಿಲ್ಲ ನಾನು, ನೀ ಯಾರಪ್ಪನ ಮನಿಯಿಂದ ಬಂದು ಕುಂತೀ?" ಅಂಗೈ ಕಲ್ಲಿನ ಮೇಲೆ ಬಿತ್ತು. "ಉಪ್ಪು ಹಾಕಿ ತಿಕ್ಕೇನು!" ಮತ್ತೆ ಬಿತ್ತು. "ಸುಣ್ಣಾ ಹಚ್ಚಿ ಸುಟ್ಟೇನು! ಡಾಕ್ಟರ್ ಬಿಟ್ರೂ ನಾ ಬಿಡಂಗಿಲ್ಲ!" ಮತ್ತೆ, ಮತ್ತೆ. ಒಂದು ಬೈಗುಳಕ್ಕೆ ಒಂದು ಏಟು. ಅಷ್ಟೊತ್ತಿಗೆ ವಾರ್ಡಿನ ಆಯಾಗಳು, ಚಹಾದವನು, ಗಂಟಲಿಗೆ ನಳಿಕೆ ಹಾಕಿಸಿಕೊಂಡಿದ್ದ ಒಬ್ಬ ರೋಗಿ ಕೂಡ ಬಂದು ಸೇರಿದ್ದರು. ಆ ರೋಗಿ ಮಾತಾಡಲಾರದವನು, ಎರಡೂ ಕೈಯೆತ್ತಿ ಚಪ್ಪಾಳೆ ತಟ್ಟಿದ.

ಹಸನಾದ ಕೋಶಗಳನ್ನು ಸಣ್ಣ ಸಣ್ಣ ಗುಳಿಗಳಲ್ಲಿ ಇಟ್ಟು, ಸಾಲಿಗೊಂದು ಔಷಧ ಹಾಕಿ, ಬೆಚ್ಚಗೆ ಇಡುತ್ತಿದ್ದರು. ಕೆಲವು ದಿನಗಳಲ್ಲಿ ಉತ್ತರ ಬರುತ್ತಿತ್ತು. ಯಾವ ಸಾಲು ಖಾಲಿಯಾಯಿತೋ ಆ ಔಷಧ ಗೆದ್ದ ಹಾಗೆ.

ಬಸಲಿಂಗವ್ವನದು ಒಂದು ಸಾಲೂ ಖಾಲಿಯಾಗಲಿಲ್ಲ. ಎಲ್ಲ ಗುಳಿಗಳಲ್ಲೂ ಕೋಶಗಳು ಹಾಯಾಗಿ ಬದುಕಿದ್ದವು. ಯಂತ್ರ ತನ್ನ ಪಾಡಿಗೆ ಅಚ್ಚುಹಾಕಿ ಕೊಟ್ಟಿತು: ಯಾವ ಔಷಧವೂ ನಾಟುವುದಿಲ್ಲ.

"ಹಂಗಾದ್ರ ಬರೂ ಸೋಮವಾರ ಆಪರೇಷನ್ ಇಟ್ಟುಬಿಡ್ತೀನಿ" ಎಂದರು ಜಮಖಂಡಿ. "ಅರ್ಧ ನಾಲಿಗಿ. ಬ್ಯಾರೆ ದಾರಿ ಇಲ್ಲ, ಶಿವಲೀಲಾ."

ಶಿವಲೀಲಾ ಗುಳಿಗಳ ತಟ್ಟೆಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ನೋಡಿದಳು. ನಾಲಿಗೆಯ ಗಡ್ಡೆಯ ಕೋಶಗಳನ್ನು ಅವಳು ಎಷ್ಟು ನೋಡಿದ್ದಳೋ. ಅವು ಗುಂಡಗೆ, ಒಂದರ ಮೈ ಮೇಲೆ ಒಂದು ಬಿದ್ದು, ಹಸಿದ ಹಾಗೆ ಕಾಣುತ್ತವೆ. ಇಲ್ಲಿ ಬದುಕಿದ್ದವು ಬೇರೆ ಥರ. ಉದ್ದಕ್ಕೆ, ಸೂಜಿಯ ಹಾಗೆ, ಒಂದರ ಪಕ್ಕ ಒಂದು ಶಿಸ್ತಾಗಿ ಮಲಗಿದ್ದವು. ಇವು ಗಡ್ಡೆಯವಲ್ಲ, ಇವು ಒಳ್ಳೆಯ ಮನೆತನದ ಕೋಶಗಳು, ಇಲ್ಲಿರಬಾರದಾಗಿತ್ತು. ಔಷಧ ಗಡ್ಡೆಯನ್ನು ಕೊಂದಿರಲೂಬಹುದು. ಆದರೆ ಸತ್ತವರ ಜಾಗದಲ್ಲಿ ಇವು ಹಬ್ಬಿಕೊಂಡು ಗುಳಿ ತುಂಬಿದ್ದವು. ದೂರದಿಂದ ಎಣಿಸಿದ ಯಂತ್ರಕ್ಕೆ ಬದುಕಿರುವುದು ಯಾರು ಎಂಬ ವಿಚಾರ ಇರಲಿಲ್ಲ.

ಅವಳು ಜಮಖಂಡಿಯವರ ಕೋಣೆಗೆ ಹೋಗಿ ಹೇಳಿದಳು. ಅವರು ಕನ್ನಡಕ ತೆಗೆದಿಟ್ಟು ಕೇಳಿದರು. "ನಿಮ್ಮ ಮಿಷನ್ನು ದಿನಾ ಮುಂಜಾನೆ ಪರೀಕ್ಷಾ ಪಾಸ್ ಆಗತೈತಿ. ಅವತ್ತೂ ಆಗಿತ್ತು. ಈಗ ಇದು ಕಲಬೆರಕಿ ಅಂತೀರಿ. ಒಂದು ಮಾತು ಕೇಳ್ತೀನಿ, ಸಿಟ್ಟಾಗಬ್ಯಾಡ್ರಿ. ಇದು ವಿಜ್ಞಾನಿ ಮಾತೋ, ಸೊಸಿ ಮಾತೋ?"

"ಸೊಸಿ ಮಾತಾಗಿದ್ರ," ಎಂದಳು ಶಿವಲೀಲಾ, "ಪೂರಾ ನಾಲಿಗಿ ಕೊಯ್ದುಬಿಡ್ರಿ ಸರ್ ಅಂತಿದ್ದೆ."

ಜಮಖಂಡಿ ಕುರ್ಚಿ ಹಿಂದಕ್ಕೆ ವಾಲುವಷ್ಟು ನಕ್ಕರು. ನಕ್ಕು ಮುಗಿಸಿ ಗಂಭೀರರಾದರು. "ಕಲಬೆರಕಿ ಆದದ್ದು ಹೆಂಗ ಅಂತ ತೋರಿಸ್ರಿ, ನಾ ತಡೀತೀನಿ. ತೋರಿಸಾಕ ಆಗಲಿಲ್ಲ ಅಂದ್ರ ಸೋಮವಾರ. ಗಡ್ಡಿ ನಮ್ಮ ವಾದಾ ಕೇಳಕೋತ ಕುಂದ್ರೂದಿಲ್ಲ."

ಶಿವಲೀಲಾ ಮತ್ತು ಫರೀದಾ ಯಂತ್ರವನ್ನು ಬಿಚ್ಚಿ ಕೂಡಿಸಿದರು. ರಸ ಬದಲಿಸಿದರು, ಗಾಜಿನ ಕಾಲುವೆ ಹೊಸದು ಹಾಕಿದರು, ಸದ್ದು ಕೊಡುವ ಬಿಲ್ಲೆಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಎಲ್ಲ ಸರಿಯಿತ್ತು. ಎಲ್ಲ ಸರಿಯಿರುವುದಕ್ಕಿಂತ ದೊಡ್ಡ ತಲೆನೋವು ಇಲ್ಲ. "ಮೇಡಮ್ಮಾರ, ಇದಕ್ಕ ದೃಷ್ಟಿ ತಾಕೇತಿ" ಎಂದಳು ಫರೀದಾ, ಕೈ ಒರೆಸಿಕೊಳ್ಳುತ್ತ. "ನಿಂಬೀಹಣ್ಣು ಕಟ್ಟಿದ್ರೂ ಜಮಖಂಡಿ ಸರ್ ಪುರಾವೆ ಕೇಳ್ತಾರ."

ಶನಿವಾರ ಸಂಜೆ ಮನೆಗೆ ಬಂದಾಗ ಬಸಲಿಂಗವ್ವ ಅಡುಗೆಮನೆಯಲ್ಲಿ ರೊಟ್ಟಿ ಮಾಡುತ್ತಿದ್ದಳು. ತಾನು ತಿನ್ನುತ್ತಿದ್ದದ್ದು ಹಾಲಲ್ಲಿ ನೆನೆಸಿದ ಅನ್ನ, ಖಾರ ತಾಕಿದರೆ ಕಣ್ಣಲ್ಲಿ ನೀರು. ಆದರೂ ರೊಟ್ಟಿಯ ಕೆಲಸ ಬಿಟ್ಟುಕೊಟ್ಟಿರಲಿಲ್ಲ.

"ನೀವು ಕುಂದ್ರಿ ಅತ್ತಿ, ನಾ ಮಾಡ್ತೀನಿ."

"ನೀ ಮಾಡಿದ ರೊಟ್ಟಿ ಮಹಾಂತೇಶ ತಿಂತಾನ, ಗಂಡ, ಪಾಪ, ಎಲ್ಲಿ ಹೋಗಬೇಕು? ನಾ ಯಾಕ ತಿನ್ನಿಸಲಿ ಅವಂಗ?"

ಹೊಸಿಲಲ್ಲಿ ಚಹಾ ಹಿಡಿದು ಕೂತಿದ್ದ ಮಹಾಂತೇಶ, ಈ ಮಾತಿಗೆ ಯಾವ ಕಡೆ ತಲೆಯಾಡಿಸಿದರೂ ಅಪಾಯವೆಂದು ಲೋಟದೊಳಗೆ ನೋಡತೊಡಗಿದ.

ಬಸಲಿಂಗವ್ವ ಗ್ಯಾಸಿನ ಕಟ್ಟೆಯ ಕಲ್ಲಿನ ಮೇಲೆಯೇ ಹಿಟ್ಟು ಉದುರಿಸಿ ರೊಟ್ಟಿ ಬಡಿಯುತ್ತಿದ್ದಳು. ಬಡಿಯುತ್ತ ಬಡಿಯುತ್ತ, ಮಹಾಂತೇಶನ ಅಂಗಡಿಯಲ್ಲಿ ಮೋಟರ್ ಇಟ್ಟು ವರ್ಷದಿಂದ ಒಯ್ಯದವನ ಸುದ್ದಿ ತೆಗೆದು, ಅವನ ಅಪ್ಪ, ಅಜ್ಜರವರೆಗೂ ಹೋಗಿ ಬಂದಳು. ಶಿವಲೀಲಾ ಗೋಡೆಗೊರಗಿ ನಿಂತು ಸುಮ್ಮನೆ ನೋಡುತ್ತಿದ್ದಳು. ಕಟ್ಟೆಯ ಆ ತುದಿಗೆ ಒಂದು ತಂಬಿಗೆ ನೀರಿತ್ತು. ಅಂಗೈ ಕಲ್ಲಿಗೆ ಬಿದ್ದಾಗಲೆಲ್ಲ ಆ ನೀರಿನ ಮೇಲೆ ಸಣ್ಣ ಉಂಗುರಗಳು ಹುಟ್ಟುತ್ತಿದ್ದವು. ಬಸಲಿಂಗವ್ವ ಬಡಿಯುವುದು ನಿಲ್ಲಿಸಿ, ಸೊಂಟದ ಮೇಲೆ ಕೈಯಿಟ್ಟು, ಮೋಟರಿನವನಿಗೆ ಕೊನೆಯ ಬೈಗುಳವನ್ನು ಏರುದನಿಯಲ್ಲಿ ಹಾಕಿದಳು. ನೀರು ಅಲುಗಲಿಲ್ಲ. ಮತ್ತೆ ರೊಟ್ಟಿಗೆ ಕೈಹಾಕಿದಳು. ಉಂಗುರ, ಉಂಗುರ, ಉಂಗುರ.

"ಅತ್ತಿ, ಇನ್ನೊಂದು ರೊಟ್ಟಿ ಬಡೀರಿ" ಎಂದಳು ಶಿವಲೀಲಾ.

"ಯಾಕ, ಈಗೇನು ಕಲಿಯಾಕ ಹೊಂಟಿ?"

"ಬಡೀರಿ ಅತ್ತಿ!"

ಗಾಜಿನ ಕಾಲುವೆ ಕೂತಿರುವುದು ಕಡಪಾ ಕಲ್ಲಿನ ಮೇಲೆ. ಆ ಕಲ್ಲಿನ ಇನ್ನೊಂದು ತುದಿ ಗೋಡೆ ದಾಟಿ ಹೊರಗೆ, ಕಿಟಕಿಯ ಕೆಳಗೆ, ಕೈಯೂರಲೆಂದು. ಮುಂಜಾನೆಯ ಪರೀಕ್ಷೆಯ ಹೊತ್ತಿಗೆ ಕಿಟಕಿಯಲ್ಲಿ ಯಾರೂ ಇರುವುದಿಲ್ಲ. ಸಾಲಾಗಿ ನಡೆದು ಬಂದ ಕೋಶಗಳು ಕವಲಿನ ಬಾಯಿಗೆ ಬಂದಾಗ ಹೊರಗಿನಿಂದ ಒಂದು ಏಟು ಬಿದ್ದರೆ, ಅಂಚಿನವು ನಡುವಿಗೆ ಜಿಗಿಯಲು ಅಷ್ಟು ಸಾಕು. ಹೆಚ್ಚಿನವರು ಕಲ್ಲಿನ ಮೇಲೆ ಕೈಯಿಟ್ಟು ಬೈಯುತ್ತಿದ್ದರು. ಹುಟ್ಟಿದಾಗಿನಿಂದ ರೊಟ್ಟಿ ಬಡಿದ ಕೈ ಮಾತ್ರ ಬಡಿದು ಬೈಯುತ್ತಿತ್ತು.

ಭಾನುವಾರ ಆಸ್ಪತ್ರೆ ಖಾಲಿ. ಫರೀದಾ ರಜೆಯ ದಿನ ಕರೆಸಿದ್ದಕ್ಕೆ ಗೊಣಗುತ್ತಲೇ ಬಂದು, ಒಳ್ಳೆಯವಕ್ಕೆ ಹಸಿರು, ಕೆಟ್ಟವಕ್ಕೆ ಕೆಂಪು ಬಣ್ಣ ಕಟ್ಟಿದ ಪರೀಕ್ಷೆಯ ಕೋಶಗಳನ್ನು ಯಂತ್ರಕ್ಕೆ ಹಾಕಿದಳು. ಶಿವಲೀಲಾ ಹೊರಗೆ ಹೋಗಿ, ಬಾಯಿ ಮುಚ್ಚಿಕೊಂಡು, ಕಲ್ಲಿಗೆ ನಾಲ್ಕು ಬಡಿದಳು. ಒಳಗಿನ ಪರದೆಯಲ್ಲಿ ಕೆಂಪು ಸಾಲಿನೊಳಗೆ ಹಸಿರು ಚುಕ್ಕೆಗಳು ಉದುರಿದವು. ಫರೀದಾ ಎರಡೂ ಕೈಯನ್ನು ಬಾಯಿಗೆ ಹಚ್ಚಿಕೊಂಡಳು.

"ಈಗ ಬಡೀಲಾರದ ಬರೇ ಬಯ್ರಿ ಮೇಡಮ್ಮಾರ! ಜೋರಾಗಿ!"

ಶಿವಲೀಲಾ ಸುತ್ತ ನೋಡಿ, ಗಂಟಲು ಸರಿಮಾಡಿಕೊಂಡು, "ನೀನು ಬಹಳ ಕೆಟ್ಟದ್ದು ಇದ್ದೀ" ಎಂದಳು.

"ಅಯ್ಯ, ಇಷ್ಟು ಮೆತ್ತಗ ಬೈದ್ರ ಗಡ್ಡಿ ಇಲ್ಲೇ ವಸ್ತಿ ಉಳೀತೈತ್ರಿ. ನಿಮ್ಮ ಅತ್ತಿನ್ನ ನೆನಸ್ಕೊಂಡು ಬಯ್ರಿ!"

ಶಿವಲೀಲಾ ಕಣ್ಣು ಮುಚ್ಚಿ, ಮದುವೆಯಾಗಿ ಬಂದಾಗಿನಿಂದ ಕೇಳಿದ್ದನ್ನೆಲ್ಲ ನೆನಪಿಗೆ ತಂದುಕೊಂಡು ಒದರಿದಳು. ಕಾವಲಿನವನು ಓಡಿ ಬಂದ. ಒಳಗೆ ಕೆಂಪು ಸಾಲು ಗೆರೆ ಕೊರೆದ ಹಾಗೆ ನೆಟ್ಟಗೆ ಹರಿಯಿತು, ಒಂದು ಹಸಿರು ಚುಕ್ಕೆಯಿಲ್ಲ.

ಸೋಮವಾರ ಬೆಳಿಗ್ಗೆ ಜಮಖಂಡಿ ತಾವೇ ಹೋಗಿ ಕಲ್ಲಿಗೆ ಬಡಿದು ನೋಡಿದರು. ನೋಡಿ, ಆ ದಿನದ ಆಪರೇಷನ್ನಿನ ಹಲಗೆಯಿಂದ ಒಂದು ಹೆಸರನ್ನು ಅಳಿಸಿದರು. ಕಲ್ಲು ಹಾಕಿದಂದಿನಿಂದ ಹಸನಾದ ಮಾದರಿಗಳೆಲ್ಲ ಮತ್ತೊಮ್ಮೆ ಆಗಬೇಕು ಎಂದರು. ಆ ರೋಗಿಗಳದೆಲ್ಲ ತಂಪುಪೆಟ್ಟಿಗೆಯಲ್ಲಿ ಎತ್ತಿಟ್ಟ ಚೂರುಗಳಿದ್ದವು. ವಾರವಿಡೀ ಅದೇ ಕೆಲಸ ನಡೆಯಿತು. ಬಹುತೇಕ ಎಲ್ಲರ ಉತ್ತರವೂ ಮೊದಲಿನದೇ ಬಂತು. ಅಣ್ಣಿಗೇರಿಯ ಒಬ್ಬ ಹೆಣ್ಣುಮಗಳದು ಮಾತ್ರ ಬದಲಾಯಿತು, ಅಂದೂ ಯಾರೋ ಕಲ್ಲು ಕುಟ್ಟಿರಬೇಕು. ಅವಳಿಗೆ ಔಷಧ ಇನ್ನೂ ಶುರುವಾಗಿರಲಿಲ್ಲವಾದ್ದರಿಂದ, ಅವಳ ಗಂಡನನ್ನು ಕೂಡಿಸಿಕೊಂಡು ಎಲ್ಲ ವಿವರಿಸಿ, ಸರಿಯಾದದ್ದು ಕೊಟ್ಟರು. ಶಿವಲೀಲಾ ಅಂದು ಮನೆಗೆ ನಡೆದುಕೊಂಡೇ ಹೋದಳು. ಕೈಯೂರಲು ಕೊಟ್ಟ ಕಲ್ಲು ಯಾರ ಮೇಲೆಲ್ಲ ಬೀಳಲಿತ್ತು ಎಂದು ದಾರಿಯುದ್ದಕ್ಕೂ ಲೆಕ್ಕ ಹಾಕುತ್ತಿದ್ದಳು.

ಆದರೆ ಬಸಲಿಂಗವ್ವನದು ಎತ್ತಿಟ್ಟ ಚೂರು ಇರಲಿಲ್ಲ. ಆ ಉರಿಯುವ ನಾಲಿಗೆಯಿಂದ ಮತ್ತೊಂದು ತೆಗೆಯಬೇಕು. ಅದನ್ನು ಅವಳಿಗೆ ಹೇಳಬೇಕು. ಯಾಕೆ ಎಂದೂ ಹೇಳಬೇಕು.

ಮಹಾಂತೇಶ ಅಂಗಡಿಯಿಂದ ಬೇಗ ಬಂದು ಬಾಗಿಲಲ್ಲಿ ನಿಂತ. ಶಿವಲೀಲಾ ಅತ್ತೆಯ ಎದುರಿಗೆ ಚಾಪೆಯ ಮೇಲೆ ಕೂತು, ತಂಬಿಗೆಯ ನೀರಿನಿಂದ ಹಿಡಿದು ಎಲ್ಲವನ್ನೂ ಹೇಳಿದಳು. "ತಪ್ಪು ನಂದು ಅತ್ತಿ. ಕಲ್ಲು ಹೊರಗ ಬಿಡಿಸಿದಾಕಿ ನಾನು."

ಬಸಲಿಂಗವ್ವ ತನ್ನ ಅಂಗೈಯನ್ನು ತಿರುಗಿಸಿ ನೋಡಿಕೊಂಡಳು. 

"ಅಂದ್ರ ನನ್ನ ಬೈಗಳಕ್ಕೂ ಅದಕ್ಕೂ ಸಂಬಂಧ ಇಲ್ಲ?"

"ಇಲ್ಲ. ಬರೇ ಕೈ."

"ಮೊದಲ ಹೇಳಬಾರದೇನ ಹುಡುಗಿ! ಇನ್ನ ಮುಂದ ಬಾಯಿ ಮುಚ್ಚಿಕೊಂಡಿರು ಅಂತೀ ಏನೋ ಅಂತ ನನ್ನ ಎದಿ ಹಾರಿತ್ತು." ನಕ್ಕಳು, ಆದರೆ ನಗು ಅರ್ಧಕ್ಕೇ ನಿಂತಿತು. "ಮತ್ತ ಚಿವುಟ್ತಾರಲ್ಲ. ಹೋದಸಲ ರಾತ್ರಿಯೆಲ್ಲಾ ಉರೀತು, ನಿಮಗ ಹೇಳಲಿಲ್ಲ. ಚಿವುಟಿಸ್ಕೊಂಡ್ರ ನಾಲಿಗಿ ಉಳಿಯೂದು ಖಾತ್ರಿನ?"

ಶಿವಲೀಲಾ ಸುಳ್ಳು ಹೇಳಬಹುದಿತ್ತು. "ಖಾತ್ರಿ ಇಲ್ಲ ಅತ್ತಿ. ಹಸನಾದ ಉತ್ತರ ಸಿಗತೈತಿ, ಅಷ್ಟ. ಆ ಉತ್ತರ ಯಾವ ಔಷಧಾನೂ ನಡೀಯಂಗಿಲ್ಲ ಅಂತನೂ ಇರಬಹುದು."

"ಹ್ಞೂಂ." ಬಸಲಿಂಗವ್ವ ಚಾಪೆಯ ಕಡ್ಡಿಯೊಂದನ್ನು ಕೀಳುತ್ತ ಕೂತಳು. "ನನಗ ಸಾಯೂ ಅಂಜಿಕಿ ಇಲ್ಲ ಶಿವಲೀ. ನಾಲಿಗಿ ಅರ್ಧ ಹೋದ್ರ ಜನ ನಗ್ತಾರಂತನೂ ಅಲ್ಲ. ನಗಲಿ. ನಾ ಹೇಳಿದ್ದು ತಿಳೀಲಾರದ, ಪಾಪ ಮುದುಕಿ ಅಂತ, ಹೂಂ ಹೂಂ ಅಂತಾರ ನೋಡು, ಅದು ನನಗ ಬ್ಯಾಡ. ನನ್ನ ಮಾತಿಗೆ ಎದುರು ಮಾತಾಡಬೇಕು ಮಂದಿ." ಕಡ್ಡಿಯನ್ನು ಬಿಸಾಡಿ ಎದ್ದಳು. "ಚಿವುಟಲಿ. ಚಿವುಟೂವಾಗ ಆ ಜಮಖಂಡ್ಯಾ ಹಾಡು ಹಾಡಬಾರದು ಅಂತ ಹೇಳು. ಹೋದಸಲ ಹಾಡಿನ ಸಂಕಟಾನ ಹೆಚ್ಚಾಗಿತ್ತು."

ಗೌಂಡಿ ಬಂದು ಹೊರಗಿನ ಗೇಣು ಕಲ್ಲನ್ನು ಕೊಯ್ದು ಬೇರೆ ಮಾಡಿ, ಅದರ ಕೆಳಗೆ ಎರಡು ಇಟ್ಟಿಗೆ ಕಂಬ ಕೊಟ್ಟ. ಈಗ ಅದು ಗೋಡೆಗೂ ತಾಕುತ್ತಿರಲಿಲ್ಲ. ಆದರೂ ಮಾದರಿ ಹರಿಯುವ ದಿನ ಬಸಲಿಂಗವ್ವ ಎರಡೂ ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡು ಕಿಟಕಿಗೆ ಬಂದಳು. ಪಕ್ಕದಲ್ಲಿ ಯಾರೋ ಗಾಜಿನ ಮೇಲೆ ಬೆರಳು ಕುಟ್ಟಲು ಹೋದರೆ, "ಏ ತಮ್ಮಾ, ಕೈ ಕಿಸೆದಾಗ ಇಡು, ಬಾಯಿ ಐತಿಲ್ಲ ನಿನಗ?" ಎಂದು ಗದರಿದಳು. ಆಮೇಲೆ ತನ್ನ ಗಡ್ಡೆಯ ಕಡೆ ತಿರುಗಿದಳು. ಅಂದು ಬೈದ ಬೈಗುಳಗಳಲ್ಲಿ ಕೆಲವನ್ನು ಆಯಾಗಳು ಇಂದಿಗೂ ಬಳಸುತ್ತಾರೆ. ಒಳಗೆ ಫರೀದಾ ಪರದೆಯನ್ನು ನೋಡುತ್ತ ಬೆನ್ನು ತಿರುಗಿಸಿಯೇ ಹೆಬ್ಬೆರಳು ಎತ್ತಿದಳು.

ಮುಂದಿನ ದಿನಗಳಲ್ಲಿ ಶಿವಲೀಲಾ ಬೆಚ್ಚಗಿನ ಪೆಟ್ಟಿಗೆಯ ಹತ್ತಿರ ಹೋಗುವುದನ್ನೇ ಬಿಟ್ಟಳು. ನೋಡಿದರೆ ಸೊಸೆಯ ಕಣ್ಣು ನೋಡುತ್ತದೆ ಎಂದು ಅವಳಿಗೆ ಭಯ. ಉತ್ತರ ಬರುವ ದಿನ ತಟ್ಟೆಯನ್ನು ನೇರ ಜಮಖಂಡಿಯವರ ಮುಂದಿಟ್ಟು, ತಾನು ಹಿಂದೆ ಸರಿದು ನಿಂತಳು. ಅವರು ಒಂದೊಂದು ಸಾಲಿನ ಮೇಲೂ ಕಣ್ಣು ಹಾಯಿಸುತ್ತ ಹೋದರು. ಮೊದಲನೆಯದರಲ್ಲಿ ಗುಂಡಗಿನವು, ಹಸಿದವು, ಬದುಕಿದ್ದವು. ಎರಡನೆಯದರಲ್ಲೂ. ಮೂರನೆಯದರಲ್ಲೂ. ಆಮೇಲಿನ ಒಂದು ಸಾಲಿಗೆ ಬಂದಾಗ ಅವರು ಸೂಕ್ಷ್ಮದರ್ಶಕದ ತಿರುಪನ್ನು ಹಿಂದೆ ಮುಂದೆ ತಿರುಗಿಸಿದರು. ಮತ್ತೆ ತಿರುಗಿಸಿದರು.

"ಶಿವಲೀಲಾ," ಎಂದರು ಕಣ್ಣು ಎತ್ತದೆ, "ಇಲ್ಲಿ ಯಾರೂ ಇಲ್ಲಲ್ಲ."

ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಫರೀದಾ ಅವಳ ಹೆಗಲ ಮೇಲೆ ಕೈಯಿಟ್ಟು, "ಅಳಬ್ಯಾಡ್ರಿ ಮೇಡಮ್ಮಾರ, ನಿಮ್ಮ ಕಷ್ಟ ನನಗ ಗೊತ್ತೈತಿ. ಇನ್ನ ಮ್ಯಾಲ ಪೂರಾ ನಾಲಿಗಿ ಜೋಡಿ ಬಾಳೇವು ಮಾಡಬೇಕು" ಎಂದಳು.

ಔಷಧದ ದಿನಗಳು ಸುಲಭವಾಗಿರಲಿಲ್ಲ. ಬಸಲಿಂಗವ್ವನ ಕೂದಲು ಉದುರಿತು, ಬಾಯಿ ಒಣಗಿತು, ಗಂಜಿಯೂ ಬೇಡವಾಯಿತು. ಓಣಿಯವರು ಸರದಿಯಲ್ಲಿ ಬಂದು ಎದುರು ಕೂತು ಹೋಗುತ್ತಿದ್ದರು, ಅವಳು ಬೈಯಲಿ ಎಂದು ಬೇಕೆಂದೇ ತಪ್ಪು ಮಾತಾಡುತ್ತಿದ್ದರು. ಟ್ಯಾಂಕರಿನವನು ಮನೆ ಮುಂದೆ ನಿಲ್ಲಿಸಿ ಉದ್ದಕ್ಕೆ ಹಾರ್ನ್ ಬಾರಿಸಿದ. ಹಾಸಿಗೆಯಿಂದ ಬಂದ ಉತ್ತರ ಕೇಳಿ, ಸಮಾಧಾನವಾಗಿ ಮುಂದೆ ಹೋದ. ಅಷ್ಟರಲ್ಲಿ ಗಡ್ಡೆ ಇಳಿಯುತ್ತಿತ್ತು. ಕಡಲೆಯಷ್ಟಿದ್ದದ್ದು ಹೆಸರುಕಾಳಿನಷ್ಟಾಯಿತು, ಕಡೆಗೆ ಬೆರಳಿಗೆ ಮಾತ್ರ ತಿಳಿಯುವಷ್ಟಾಯಿತು. ಆಮೇಲೆ ಜಮಖಂಡಿ ನಾಲಿಗೆಯ ಅಂಚಿನಿಂದ ಉಗುರಿನಷ್ಟು ಚೂರು ತೆಗೆದು ಹೊಲಿಗೆ ಹಾಕಿದರು.

ಹೊಲಿಗೆ ಮಾಗುವವರೆಗೂ ಮಾತಾಡಕೂಡದು. ಬಸಲಿಂಗವ್ವ ಮಾತಾಡಲಿಲ್ಲ, ಹುಬ್ಬಿನಲ್ಲೇ ಮನೆ ನಡೆಸಿದಳು.

ಬಾಯಿ ತೆರೆಸುವ ದಿನ ಮಾತಿನ ಚಿಕಿತ್ಸೆಯ ಹುಡುಗಿ ಬಂದಳು. ಹಾಸನದ ಕಡೆಯವಳು, ಕೆಲಸಕ್ಕೆ ಸೇರಿ ಸ್ವಲ್ಪ ದಿನವಾಗಿತ್ತು. ಶಿವಲೀಲಾ, ಮಹಾಂತೇಶ ಮಂಚದ ಕಾಲುಗಡೆ ನಿಂತಿದ್ದರು. ಫರೀದಾ ಏನೋ ನೆವ ಮಾಡಿಕೊಂಡು ಬಂದು ಬಾಗಿಲಲ್ಲಿದ್ದಳು.

"ಅಜ್ಜಿ, ನಿಧಾನಕ್ಕೆ ಒಂದು ಹೆಸರು ಹೇಳಿ ನೋಡೋಣ" ಎಂದಳು ಹುಡುಗಿ. "ನಾಲಿಗೆ ಚೆನ್ನಾಗಿ ಮಡಚಬೇಕು, ‘ರ’ಕಾರ, ಒತ್ತಕ್ಷರ ಎಲ್ಲ ಇರೋ ಥರದ್ದು. ನಿಮ್ಮ ಯಜಮಾನ್ರ ಹೆಸರೇನು?"

ಮಹಾಂತೇಶ ಗಾಬರಿಯಾದ. "ಅದು ಬ್ಯಾಡ್ರೀ ಮೇಡಮ್. ನಮ್ಮ ಕಡೆ ಹಳೇ ಮಂದಿ ಗಂಡನ ಹೆಸರು ಹಂಗ ಹೇಳಂಗಿಲ್ಲ. ಏನರ ಬ್ಯಾರೆ..."

ಬಸಲಿಂಗವ್ವ ಕೈಯೆತ್ತಿ ಮಗನನ್ನು ತಡೆದಳು. ದಿಂಬಿಗೆ ಒರಗಿದ್ದವಳು ನೆಟ್ಟಗೆ ಕೂತು, ತಲೆಯ ಮೇಲಿನ ಸೆರಗನ್ನು ಸರಿಮಾಡಿಕೊಂಡಳು. ಮದುವೆಯ ಮನೆಗಳಲ್ಲಿ, ಸೀಮಂತಗಳಲ್ಲಿ ಹೊಸಿಲಿಗೆ ಅಡ್ಡ ನಿಂತು ಗೆಳತಿಯರು ಕಾಡಿದರೆ ಗಂಡನ ಹೆಸರನ್ನು ಪದ ಕಟ್ಟಿ ಹೇಳಬೇಕು. ಅದು ಒಡಪು. ಗಂಡ ಇಲ್ಲದವಳನ್ನು ಯಾರೂ ಅಡ್ಡಗಟ್ಟಿ ಕೇಳುವುದಿಲ್ಲ. ಅವಳು ಒಮ್ಮೆ ನಾಲಿಗೆಯನ್ನು ಬಾಯೊಳಗೆ ಹೊರಳಿಸಿ ನೋಡಿಕೊಂಡಳು. ಆಮೇಲೆ, ಒರಟು ದನಿಯಲ್ಲಿ, ಒಂದೊಂದೇ ಅಕ್ಷರ ಬಿಡಿಸಿ ಇಟ್ಟ ಹಾಗೆ ಹೇಳಿದಳು:

"ಗಡ್ಡಿ ಬಂದು ಕುಂತರೂ ಬಾಯಿ ಗಪ್ಪಾಗಲಿಲ್ಲ,
ವೀರಭದ್ರಪ್ಪನವರ ಹೆಸರು ನಾಲಿಗಿ ಮ್ಯಾಲ ಮುಪ್ಪಾಗಲಿಲ್ಲ."

ವೀರಭದ್ರಪ್ಪನಲ್ಲಿ ‘ದ್ರ’ದ ಹತ್ತಿರ ಒಂದು ಎಳೆ ತೊಡರಿತು, ತೊಡರಿ ದಾಟಿತು. ಮಹಾಂತೇಶ ಕಿಟಕಿಯ ಕಡೆ ತಿರುಗಿ ನಿಂತ. ತಾಯಿಯ ಬಾಯಲ್ಲಿ ತಂದೆಯ ಹೆಸರನ್ನು ಅವನು ಹುಟ್ಟಿ ಕೇಳಿದ್ದು ಅದೇ ಮೊದಲು. ಹಾಸನದ ಹುಡುಗಿಗೆ ಏನಾಯಿತೆಂದು ಪೂರ್ತಿ ತಿಳಿಯಲಿಲ್ಲ. "ತುಂಬಾ ಚೆನ್ನಾಗಿ ಬಂತು ಅಜ್ಜಿ" ಎಂದಳು.

"ಎಲ್ಲಿ ಚೆನ್ನಾಗಿ ಬಂತು? ನಡುವ ತೊಡರಿತಲ್ಲ, ಕೇಳಸಲಿಲ್ಲೇನು ನಿನಗ? ಹಂಗ ಹೂಂ ಹೂಂ ಅನಬಾರದು." ಬಸಲಿಂಗವ್ವ ಸೊಸೆಯ ಕಡೆ ನೋಡಿದಳು. ಕಣ್ಣು ತುಂಬಿದ್ದವು, ಮುಖ ಮಾತ್ರ ಜಗಳಕ್ಕೆ ನಿಂತವಳದೇ. "ಎಷ್ಟು ವರ್ಷಾತು ಶಿವಲೀ, ಯಾರೂ ಕೇಳಿದ್ದಿಲ್ಲ. ಇನ್ನೊಮ್ಮೆ ಹೇಳಲೇನು?"

"ಹೇಳ್ರಿ ಅತ್ತಿ" ಎಂದಳು ಶಿವಲೀಲಾ, ಮಂಚದ ಅಂಚಿಗೆ ಕೂರುತ್ತ.